ಮೊದಲ ತೋಳು

ಆ ಶಾಲೆಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ದಿನಾ ಬೆಳಿಗ್ಗೆ ಆಯಮ್ಮ ಅವನ್ನೆಲ್ಲ ಎತ್ತಿ ಮೇಜಿನ ಮೇಲೆ ಬೋರಲು ಹಾಕಿ, ನೆಲ ಒರೆಸಿ, ಮತ್ತೆ ಇಳಿಸುತ್ತಿದ್ದಳು. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷದಿಂದ ಇದೇ ಕೆಲಸ. ಮಗಳೀಗ ಏಳನೇ ಕ್ಲಾಸು. ಅಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಆ ಕುರ್ಚಿಗಳ ಮೇಲೆ ಕುಳಿತವಳಲ್ಲ. ಕೂರಬೇಡ ಎಂದು ಯಾರೂ ಹೇಳಿರಲಿಲ್ಲ, ಸುಳ್ಳಾಡಬಾರದು. ಹೇಳುವ ಪ್ರಮೇಯ ಬರದ ಹಾಗೆ ಅವಳೇ ನೋಡಿಕೊಂಡಿದ್ದಳು. ಸುಸ್ತಾದರೆ ಕಕ್ಕಸಿನ ಪಕ್ಕದ ಸಾಮಾನು ಕೋಣೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಿದ್ದಳು.

ಕೆಲಸ ಎಂದರೆ ಕಕ್ಕಸು ತೊಳೆಯುವುದು, ಅಂಗಳ ಗುಡಿಸುವುದು, ನೀರಿನ ಡ್ರಮ್ಮು ತುಂಬಿಸುವುದು, ಮಕ್ಕಳು ವಾಂತಿ ಮಾಡಿದರೆ ಒರೆಸುವುದು. ಆಸಿಡ್ ಸುರಿದು ಸುರಿದು ಬೆರಳ ಸಂದಿಗಳು ಬಿರಿದಿದ್ದವು. ಉಪ್ಪು ತಾಗಿದರೆ ಜೀವ ಹೋಗುವ ಹಾಗೆ ಉರಿಯುತ್ತಿತ್ತು. ಅವಳಿಗೂ ಒಂದು ಹೆಸರಿತ್ತು, ಅದನ್ನು ಕೂಗುವವರಿರಲಿಲ್ಲ. "ಆಯಮ್ಮಾ" ಎಂದು ಒಂದು ಕೂಗು ಬಿದ್ದರೆ ಸಾಕು, ಕಿವಿ ಕೇಳಿಸಿಕೊಳ್ಳುವ ಮೊದಲೇ ಕಾಲು ಎದ್ದು ನಿಂತಿರುತ್ತಿತ್ತು. ಮನೆಯಲ್ಲಿ ನಿದ್ದೆಗಣ್ಣಿನಲ್ಲೂ ಹಾಗೆ ಎದ್ದು ಕೂತದ್ದುಂಟು.

ಮನೆ ಇದ್ದದ್ದು ಮೋರಿ ಓಣಿಯಲ್ಲಿ. ಊರಿನ ಕೊಳಚೆಯೆಲ್ಲ ಅಲ್ಲಿಂದಲೇ ಹರಿದುಹೋಗುತ್ತಿತ್ತು, ಆ ಕೊಳಚೆ ಬಾಚುವವರೂ ಅಲ್ಲೇ ಇದ್ದರು. ಒಂದು ಕೋಣೆ, ಒಂದು ಕಿಟಕಿ, ಓಣಿಗೆಲ್ಲ ಒಂದೇ ನಲ್ಲಿ. ಗಂಡ ಬೇರೆ ಊರಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿದ. ಉಳಿದದ್ದು ಅವಳು ಮತ್ತು ಮಗಳು. ಮಗಳು ಹುಟ್ಟಿದಾಗಿನಿಂದ ಸಣಕಲು, ಅದಕ್ಕೇ ಕಡ್ಡಿ ಎಂಬ ಹೆಸರು ಅಂಟಿಕೊಂಡಿತ್ತು. ಮೈ ಕಡ್ಡಿಯಾದರೇನು, ಬಾಯಿ ಮಾತ್ರ ಜೋರು. ಶಾಲೆಯಿಂದ ಮನೆ ಸೇರುವಷ್ಟರಲ್ಲಿ ಇಡೀ ದಿನದ ಕಥೆಯನ್ನು ಅಮ್ಮನ ಕಿವಿಗೆ ಸುರಿದಿರುತ್ತಿದ್ದಳು. ಯಾವ ಟೀಚರ್ ಹೇಗೆ ಮೂಗು ಸೀಟುತ್ತಾರೆ, ಯಾರು ಪಾಠದ ಮಧ್ಯೆ ತೂಕಡಿಸುತ್ತಾರೆ, ಎಲ್ಲವನ್ನೂ ನಡುರಸ್ತೆಯಲ್ಲೇ ಮಾಡಿ ತೋರಿಸುತ್ತಿದ್ದಳು. ಆಯಮ್ಮ ದಿನಕ್ಕೆ ಒಂದು ಸಲ ನಗುತ್ತಿದ್ದಳು ಎಂದರೆ ಅದು ಆಗಲೇ.

ಒಂದು ದಿನ ಶಾಲೆಯ ಹಾಲಿನಲ್ಲಿ ತಾಯಂದಿರ ಸಭೆ ಸೇರಿತು. ಆರೋಗ್ಯ ಕೇಂದ್ರದ ನರ್ಸಮ್ಮ ಬಂದಿದ್ದರು. ದಣಿದ ಮುಖ, ಮೆತ್ತಗಿನ ದನಿ. ಹೆಣ್ಣುಮಕ್ಕಳಿಗೆ ಗರ್ಭಕೋಶದ ಬಾಯಲ್ಲಿ ಒಂದು ಕ್ಯಾನ್ಸರ್ ಬರುತ್ತದೆ, ಅದು ಬಾರದ ಹಾಗೆ ತಡೆಯಲು ಒಂದು ಲಸಿಕೆ ಇದೆ, ಈ ವಯಸ್ಸಿನಲ್ಲಿ ಹಾಕಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಎರಡು ಸಲ ಹಾಕಿಸಬೇಕು, ಈಗ ಒಂದು, ಆರು ತಿಂಗಳು ಬಿಟ್ಟು ಇನ್ನೊಂದು ಎಂದು ಹೇಳಿದರು. ಅಲ್ಲಿಯವರೆಗೆ ಎಲ್ಲರೂ ತಲೆಯಾಡಿಸಿದರು. ಆ ಕ್ಯಾನ್ಸರ್ ಬರುವುದು ಒಂದು ವೈರಸ್ಸಿನಿಂದ, ಆ ವೈರಸ್ ಹರಡುವುದು ಗಂಡು ಹೆಣ್ಣು ಕೂಡುವುದರಿಂದ ಎಂದರು ನೋಡಿ, ಆಡುತ್ತಿದ್ದ ತಲೆಗಳೆಲ್ಲ ನಿಂತುಬಿಟ್ಟವು.

ಮೊದಲು ಬಾಯಿ ಬಿಟ್ಟವರು ಬಟ್ಟೆ ಅಂಗಡಿಯಮ್ಮ. ಪೇಟೆಯ ದೊಡ್ಡ ಬಟ್ಟೆ ಅಂಗಡಿ ಅವರದು, ತಾಯಂದಿರ ಸಂಘಕ್ಕೆ ಅವರೇ ಮುಂದಾಳು. ಅವರ ಮಗಳು ಕ್ಲಾಸಿನಲ್ಲಿ ಕಡ್ಡಿಯ ಪಕ್ಕದಲ್ಲೇ ಕೂರುತ್ತಿದ್ದಳು.

"ನಮ್ಮ ಮನೆ ಮಕ್ಕಳಿಗೆ ಇದೆಲ್ಲ ಯಾಕೆ ಬೇಕು? ಅಂಥ ಮನೆಗಳಿರ್ತವಲ್ಲ, ಅಲ್ಲಿಗೆ ಹೋಗಿ ಹಾಕಿ."

"ಎಲ್ಲ ಮನೆಯವರಿಗೂ ಬರುತ್ತಮ್ಮ," ಎಂದರು ನರ್ಸಮ್ಮ. "ಜೀವಮಾನವೆಲ್ಲ ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ಬರುತ್ತೆ. ನೀವು ಸರಿಯಾಗಿದ್ರೂ ಆ ಕಡೆಯಿಂದ ಬರಬಹುದಲ್ಲ."

ಬಾಗಿಲಲ್ಲಿ ಒರೆಸುವ ಕೋಲು ಹಿಡಿದು ನಿಂತಿದ್ದ ಆಯಮ್ಮ ನರ್ಸಮ್ಮನ ಕಡೆ ತಿರುಗಿದಳು. ಕೋಲನ್ನು ಗೋಡೆಗೆ ಒರಗಿಸಿ ಅದರ ಪಕ್ಕ ತಾನೂ ಒರಗಿದಳು.

ಅವಳಿಗೆ ಒಬ್ಬಳು ಅಕ್ಕ ಇದ್ದಳು. ಬಾಟಲಿ ತೊಳೆಯುವ ಶೆಡ್ಡಿನಲ್ಲಿ ದಿನವಿಡೀ ನೀರಲ್ಲಿ ನಿಂತು ದುಡಿಯುತ್ತಿದ್ದವಳು. ಗಂಡನೊಬ್ಬನನ್ನು ಬಿಟ್ಟು ಇನ್ನೊಬ್ಬರ ಮುಖ ನೋಡಿದವಳಲ್ಲ. ಆ ಗಂಡ ಮಾತ್ರ ಹೋದ ಕಡೆಯೆಲ್ಲ ನೋಡಿ ಬಂದವನು. ಅಕ್ಕನಿಗೆ ಕೆಳಗಿನಿಂದ ರಕ್ತ ಹೋಗಲು ಶುರುವಾಯಿತು. ನಾಚಿಕೆಗೆ ಬಾಯಿ ಬಿಡಲಿಲ್ಲ. ಬಾಯಿ ಬಿಡುವ ಹೊತ್ತಿಗೆ ಡಾಕ್ಟರು ಕೈಚೆಲ್ಲಿದರು. ಯಾವ ರೋಗ, ಎಲ್ಲಿ ರೋಗ ಎಂದು ಓಣಿಗೆ ಗೊತ್ತಾದದ್ದೇ ತಡ, ನಡತೆಯ ಮಾತು ಬಂತು. ವಾಸನೆ ಎಂದು ಪಕ್ಕದವರು ಕಿಟಕಿ ಮುಚ್ಚಿದರು. ನಲ್ಲಿಯ ಹತ್ತಿರ ಅವಳ ಬಟ್ಟೆ ತೊಳೆಯಬೇಡಿ ಎಂದರು. ತಂಗಿ ಆ ಬಟ್ಟೆಗಳನ್ನು ಮೋರಿಯ ಆಚೆ ಕಡೆ ಒಯ್ದು ತೊಳೆದಳು. ಕೊನೆಯ ದಿನಗಳಲ್ಲಿ ಅಕ್ಕ ಒಂದೇ ಮಾತು ಕೇಳುತ್ತಿದ್ದಳು. "ನಾನೇನು ಮಾಡ್ದೆ ಹೇಳೇ?" ಆಗ ತಂಗಿಯ ಹತ್ತಿರ ಉತ್ತರ ಇರಲಿಲ್ಲ. ಈಗ ಈ ನರ್ಸಮ್ಮ ಹಾಲಿನ ಮಧ್ಯೆ ನಿಂತು ಅದಕ್ಕೆ ಉತ್ತರ ಹೇಳುತ್ತಿದ್ದರು. ಏನೂ ಮಾಡಿರಲಿಲ್ಲ. ಅಕ್ಕ ಏನೂ ಮಾಡಿರಲಿಲ್ಲ.

ಸಭೆಯಲ್ಲಿ ಗಲಾಟೆ ಎದ್ದಿತ್ತು. ಬಂಜೆಯಾಗುತ್ತಾರಂತೆ ಎಂದರು ಒಬ್ಬರು. ಫಿಟ್ಸ್ ಬರುತ್ತದಂತೆ ಎಂದರು ಇನ್ನೊಬ್ಬರು. ನರ್ಸಮ್ಮ ಹಾಗೇನಿಲ್ಲ ಎಂದು ಎಷ್ಟು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ. ಆಗ ಹೆಡ್ ಟೀಚರ್ ಎದ್ದು ನಿಂತರು. ಶಾಲೆಗೆ ಹೆಸರು ಬರಬೇಕು, ತಾಯಂದಿರೂ ಮುನಿಸಿಕೊಳ್ಳಬಾರದು, ಅಂಥ ಹೆಂಗಸು.

"ಯಾರಾದ್ರೂ ಒಬ್ಬ ಹುಡುಗಿಗೆ ಮೊದಲು ಹಾಕಿ ನೋಡೋಣ. ಒಂದು ವಾರ ನಿಮ್ಮೆಲ್ಲರ ಕಣ್ಣೆದುರಿಗೇ ಇರಲಿ. ಏನೂ ಆಗದಿದ್ರೆ ಆಮೇಲೆ ಎಲ್ಲರಿಗೂ ಹಾಕ್ಸೋಣ. ಆಗಬಹುದಾ?"

ಎಲ್ಲರಿಗೂ ಆಗಬಹುದಿತ್ತು. ಯಾರ ಮಗಳು ಎಂದು ಮಾತ್ರ ಯಾರೂ ಕೇಳಲಿಲ್ಲ. ಕುರ್ಚಿಯ ಮೇಲಿನ ತಲೆಗಳೆಲ್ಲ ನಿಧಾನವಾಗಿ ಬಾಗಿಲ ಕಡೆ ತಿರುಗಿದವು.

"ಆಯಮ್ಮ, ನಿನ್ನ ಮಗಳು ಇದಾಳಲ್ಲ," ಎಂದರು ಹೆಡ್ ಟೀಚರ್. "ನಿನ್ನ ಮಗಳೇ ಮೊದಲು. ಅದೂ ಒಂದು ಗೌರವ ಅಂತ ತಿಳ್ಕೋ."

ಹಾಲು ಒಡೆಯುತ್ತದೋ ಇಲ್ಲವೋ ನೋಡಲು ಒಂದು ಚಮಚ ಬೇರೆ ಕುದಿಸುತ್ತಾರಲ್ಲ, ಆ ಚಮಚ ತನ್ನ ಮಗಳು ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಅವಳೇನು ಪೆದ್ದಿಯಲ್ಲ. ಆದರೆ ಅಕ್ಕನ ಬಟ್ಟೆ ತೊಳೆದ ಕೈ ಅದು. ಆ ಇಂಜೆಕ್ಷನ್ ಮಗಳ ತೋಳಿಗೆ ಬೀಳುವುದಾದರೆ ಅದು ಯಾಕೆ ಬಿದ್ದರೂ ಸರಿ ಎನ್ನಿಸಿತು. ಆಗಲಿ ಎಂದಳು.

ನರ್ಸಮ್ಮ ಮಾರನೆಯ ದಿನವೇ ಒಂದು ಸಣ್ಣ ಪೆಟ್ಟಿಗೆ ಹಿಡಿದು ಬಂದರು. ಕಡ್ಡಿ ತೋಳು ಕೊಟ್ಟಳು, ಮುಖ ಹಿಂಡಿದಳು, ಮುಗಿಯಿತು. ಅರ್ಧ ಗಂಟೆ ಸುಮ್ಮನೆ ಕೂತಿರಬೇಕು, ಯಾರಿಗೆ ಹಾಕಿದರೂ ಇದು ಕ್ರಮ ಎಂದರು ನರ್ಸಮ್ಮ. ಹೆಡ್ ಟೀಚರ್ ಒಂದು ಬೆಂಚು ತರಿಸಿ ಅಂಗಳದ ನಡುವೆ ಹಾಕಿಸಿದರು. ಎಲ್ಲ ಕ್ಲಾಸಿನ ಕಿಟಕಿಗೂ ಕಾಣಬೇಕಲ್ಲ. ಕಡ್ಡಿ ಅದರ ಮೇಲೆ ಕೂತಳು. ಆಯಮ್ಮ ಪಕ್ಕದಲ್ಲಿ ಕೂರಲು ಹೋದಳು.

"ನೀನು ನಿನ್ನ ಕೆಲಸ ನೋಡು. ತಾಯಿ ಪಕ್ಕ ಕೂತ್ರೆ ಮಗು ಸುಮ್ಮನೆ ಹೆದರುತ್ತೆ."

ಅಷ್ಟರಲ್ಲಿ ಮೇಲಿನ ಕ್ಲಾಸಿನಿಂದ ಯಾರೋ ಆಯಮ್ಮಾ ಎಂದು ಕೂಗಿದರು. ಅವಳು ಹೋದಳು. ಮಹಡಿಯ ಮೇಲಿಂದ ನೋಡಿದಾಗ ಅಷ್ಟು ದೊಡ್ಡ ಅಂಗಳದಲ್ಲಿ ಮಗಳೊಬ್ಬಳೇ ಕೂತಿದ್ದಳು. ಕಾಲು ಆಡಿಸುತ್ತಿದ್ದಳು.

ಆ ಅರ್ಧ ಗಂಟೆ ಒಂದು ವಾರಕ್ಕೆ ಹಿಗ್ಗಿತು. ಬಿಡುವು ಸಿಕ್ಕಾಗಲೆಲ್ಲ ಕಡ್ಡಿ ಬೆಂಚಿನ ಮೇಲೆ ಕೂರಬೇಕು. ಮಕ್ಕಳನ್ನು ಬಿಡಲು ಬಂದ ತಾಯಂದಿರು ಗೇಟಿನ ಹತ್ತಿರ ನಿಂತು ಅವಳನ್ನು ನೋಡಿ ಹೋಗುತ್ತಿದ್ದರು. ಬಟ್ಟೆ ಅಂಗಡಿಯಮ್ಮ ತಮ್ಮ ಮಗಳನ್ನು ಕಡ್ಡಿಯ ಪಕ್ಕದಿಂದ ಎಬ್ಬಿಸಿ ಮುಂದಿನ ಸಾಲಿಗೆ ಕೂರಿಸಿದರು. ಮೊದಲ ದಿನ ಕಡ್ಡಿಗೆ ಇದೆಲ್ಲ ತಮಾಷೆಯೇ. ಬೇಕೆಂದೇ ಕಣ್ಣು ಮೇಲೆ ಮಾಡಿ ನಾಲಿಗೆ ಹೊರಗೆ ಹಾಕಿದಳು, ಗೇಟಿನ ಹತ್ತಿರದವರು ಹೌಹಾರಿದರು. ಮನೆಗೆ ಹೋಗುವಾಗ ಅದನ್ನೂ ಮಾಡಿ ತೋರಿಸಿ ಅಮ್ಮನನ್ನು ನಗಿಸಿದಳು. ಆಮೇಲೆ ನಗು ಕಡಿಮೆಯಾಗುತ್ತ ಬಂತು. ಅವಳು ಸೀನಿದರೆ ಒಂದು ಮಾತು, ತಲೆ ತಗ್ಗಿಸಿದರೆ ಇನ್ನೊಂದು ಮಾತು. ಊಟದ ಡಬ್ಬಿ ಹಂಚಿಕೊಳ್ಳಲು ಯಾರೂ ಬರುತ್ತಿರಲಿಲ್ಲ. ಅಂಥ ರೋಗಕ್ಕೆ ಇಂಜೆಕ್ಷನ್ ಹಾಕಿಸಿಕೊಂಡವಳು ಎಂಬ ಮಾತು ಹುಡುಗಿಯರ ಬಾಯಿಂದ ಬಾಯಿಗೆ ಓಡಾಡಿ ಕೊನೆಗೆ ಅಂಥ ರೋಗದವಳು ಎಂದಾಗಿತ್ತು.

ವಾರ ಮುಗಿಯುವ ಮೊದಲೇ ಒಂದು ಘಟನೆ ನಡೆಯಿತು. ಆಯಮ್ಮ ಕಕ್ಕಸಿನಲ್ಲಿ ಬಗ್ಗಿ ಉಜ್ಜುತ್ತಿದ್ದಳು. ಅಂಗಳದಿಂದ ಕೂಗು ಬಂತು. ಬಕೆಟ್ ಹಿಡಿದೇ ಓಡಿದಳು. ಕಡ್ಡಿ ಬೆಂಚಿನಿಂದ ಎದ್ದು ನಿಂತಿದ್ದಳು. ಬೆಂಚಿನ ಮೇಲೆ ರಕ್ತ. ಲಂಗದ ಹಿಂದೆ ರಕ್ತ. ಸುತ್ತಲೂ ಕಿಟಕಿಗಳ ತುಂಬ ಮುಖಗಳು. "ಇಂಜೆಕ್ಷನ್ನಿಂದ ಆಗಿರೋದು" ಎಂದು ಯಾರೋ ಕಿರುಚಿದರು. ಮಗಳ ಮುಖದಲ್ಲಿ ಒಂದು ಹನಿ ಬಣ್ಣ ಇರಲಿಲ್ಲ. ಅವಳಿಗೂ ಹಾಗೆಯೇ ಅನ್ನಿಸಿತ್ತು, ಪಾಪ, ಸಾಯುತ್ತಿದ್ದೇನೆ ಎಂದು.

"ಮೊದಲು ಆ ಬೆಂಚು ಒರೆಸು ಆಯಮ್ಮ," ಎಂದರು ಹೆಡ್ ಟೀಚರ್. "ಮಕ್ಕಳು ನೋಡ್ತಿದಾರೆ."

ಅವಳು ಮೊದಲು ಬೆಂಚು ಒರೆಸಿದಳು. ಕೈ ತನ್ನಷ್ಟಕ್ಕೆ ತಾನೇ ಒರೆಸಿತು. ಆಮೇಲೆ ಮಗಳ ಕೈ ಹಿಡಿದು ಸಾಮಾನು ಕೋಣೆಗೆ ಕರೆದೊಯ್ದಳು. ಬಟ್ಟೆ ಹೇಗೆ ಇಟ್ಟುಕೊಳ್ಳುವುದು ಎಂದು ತೋರಿಸಿಕೊಟ್ಟಳು. ಎಲ್ಲ ಹೆಂಗಸರಿಗೂ ಆಗುವುದೇ, ಇಂಜೆಕ್ಷನ್ನಿಗೂ ಇದಕ್ಕೂ ಸಂಬಂಧವಿಲ್ಲ ಎಂದಳು. ಕಡ್ಡಿ ತಲೆಯೆತ್ತದೆ ಒಂದೇ ಮಾತು ಕೇಳಿದಳು.

"ಬೆಂಚು ಯಾಕೆ ಮೊದಲು ಒರೆಸಿದೆ?"

ಅಲ್ಲಿಗೇ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಗಿಯಲಿಲ್ಲ. ಊರಿಗೆಲ್ಲ ಸುದ್ದಿ ಹಬ್ಬಿತ್ತು, ಹೆಡ್ ಟೀಚರ್ ಮತ್ತೆ ಸಭೆ ಕರೆದರು. ಕಡ್ಡಿಯನ್ನು ಕರೆಸಿ ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು, ಭುಜದ ಮೇಲೆ ಕೈಯಿಟ್ಟರು. "ನೋಡಿ, ಹುಷಾರಾಗೇ ಇದಾಳೆ. ಆಯಮ್ಮನ ಮಗಳು ದೊಡ್ಡವಳಾಗಿದಾಳೆ, ಅಷ್ಟೆ. ಆವತ್ತು ನಿಮ್ಮ ಮಕ್ಕಳು ನೋಡಿದ್ದು ಅದು. ಹೆದರೋ ವಿಷಯ ಅಲ್ಲ." ಹಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಉಳಿದವರು ನಿಟ್ಟುಸಿರು ಬಿಟ್ಟರು. ಹೆಣ್ಣುಮಗು ತನ್ನ ತಾಯಿಗೂ ಕಿವಿಯಲ್ಲಿ ಹೇಳುವ ವಿಷಯವನ್ನು ಊರಿನ ಮುಂದೆ ಡಂಗುರ ಹೊಡೆದು, ಅದರಿಂದ ಸಮಾಧಾನ ಪಡೆದು ಎದ್ದು ಹೋದರು. ಒಬ್ಬರೂ, ಒಬ್ಬರೂ ಆ ಮಗುವಿನ ಮುಖ ನೋಡಲಿಲ್ಲ. ಮುಂದಿನ ವಾರ ಎಲ್ಲ ಹುಡುಗಿಯರೂ ಸಾಲಾಗಿ ನಿಂತು ಲಸಿಕೆ ಹಾಕಿಸಿಕೊಂಡರು. ಅವರನ್ನು ಫ್ಯಾನಿನ ಕೆಳಗೆ, ಬಾಗಿಲು ಮುಚ್ಚಿ, ಜೊತೆ ಜೊತೆಯಾಗಿ ಕೂರಿಸಿ ಜ್ಯೂಸ್ ಕೊಟ್ಟರು. ಲೋಟಗಳನ್ನು ಆಯಮ್ಮ ತೊಳೆದಳು.

ಅಂದಿನಿಂದ ಕಡ್ಡಿಯ ಬಾಯಿಗೆ ಬೀಗ ಬಿತ್ತು. ಶಾಲೆಯಿಂದ ಮನೆಗೆ ಅಮ್ಮನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆಯುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಆಯಮ್ಮನಿಗೆ ಅದನ್ನು ಹೇಳಿಕೊಳ್ಳಲು ಒಬ್ಬರಿರಲಿಲ್ಲ. ಓಣಿಯ ಹೆಂಗಸರು ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. "ದೊಡ್ಡವರ ಹತ್ರ ಒಳ್ಳೆಯವಳಾಗೋಕೆ ಮಗಳನ್ನೇ ಮುಂದೆ ತಳ್ಳಿದ್ಲು" ಎಂದು ಅವಳ ಬೆನ್ನಿಗೆ ಕೇಳುವ ಹಾಗೆ ಹೇಳಿದರು. ಪೇಟೆಯವರಿಗೆ ಅವಳು ಬೇಡ, ಓಣಿಯವರಿಗೂ ಬೇಡ. ಕೋಣೆಯಲ್ಲಿ ಇದ್ದ ಒಬ್ಬಳೇ ಒಬ್ಬಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಒಂಟಿತನ ಎಂದರೆ ಮನೆಯಲ್ಲಿ ಯಾರೂ ಇಲ್ಲದಿರುವುದು ಎಂದುಕೊಂಡಿದ್ದ ಅವಳಿಗೆ, ಇದ್ದವರು ಮಾತಾಡದಿರುವುದು ಅದಕ್ಕಿಂತ ದೊಡ್ಡದು ಎಂದು ಆ ಆರು ತಿಂಗಳಲ್ಲಿ ಗೊತ್ತಾಯಿತು.

ಎರಡನೆಯ ಲಸಿಕೆಯ ದಿನ ಬಂತು. ಬೆಳಿಗ್ಗೆ ನೀರು ಕಾಯಿಸಿ ಮಗಳನ್ನು ಎಬ್ಬಿಸಿದಳು.

"ನಾನು ಬರಲ್ಲ," ಎಂದಳು ಕಡ್ಡಿ.

"ಇದೊಂದು ಹಾಕಿಸ್ಕೊಂಡ್ರೆ ಮುಗೀತು ಕಣೇ."

"ಬರಲ್ಲ ಅಂದ್ನಲ್ಲ. ಬೇಕಿದ್ರೆ ನೀನು ಹಾಕಿಸ್ಕೋ."

ಆಯಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದಳು. ದೊಡ್ಡಮ್ಮ ಯಾವ ರೋಗದಿಂದ ಸತ್ತಳು, ಬಟ್ಟೆ ಎಲ್ಲಿ ತೊಳೆಯಬೇಕಾಯಿತು, ಕಿಟಕಿ ಯಾರು ಮುಚ್ಚಿದರು, ಹೆಣ ಹೊರುವುದಕ್ಕೂ ಜನ ಬರದೆ ಕಸದ ಗಾಡಿಯಲ್ಲಿ ಹೇಗೆ ಸಾಗಿಸಿದರು. ದೊಡ್ಡಮ್ಮ ಏನು ಕೇಳುತ್ತಿದ್ದಳು ಎಂಬುದನ್ನೂ ಹೇಳಿದಳು. ಹೇಳುವಾಗ ಅತ್ತಳು. ಕಡ್ಡಿ ಹೊದಿಕೆಯೊಳಗಿಂದ ತಲೆ ಹೊರಗೆ ಹಾಕಿದಳು.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನಾಚಿಕೆ ಕಣೇ."

"ದೊಡ್ಡಮ್ಮ ಏನು ಮಾಡಿದ್ಲು, ನಾಚಿಕೆ ಪಡೋಕೆ?"

ಆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀರು ಕುದಿಯುತ್ತಿತ್ತು.

"ಬರ್ತೀನಿ," ಎಂದಳು ಕಡ್ಡಿ. "ಆದ್ರೆ ಮೊದಲು ಹೋಗಲ್ಲ. ಎಲ್ಲರದೂ ಆಗಿ ಹೋದಮೇಲೆ. ಯಾರೂ ನೋಡಬಾರದು."

"ಆಯ್ತು. ಕೊನೆಗೆ ಹೋಗೋಣ."

"ಆ ಬೆಂಚಿನ ಮೇಲೆ ಒಬ್ಬಳೇ ಕೂರಲ್ಲ."

"ನಾನೂ ಕೂರ್ತೀನಿ ಜೊತೆಗೆ."

"ಅವರು ಕೂಗ್ತಾರೆ, ನೀನು ಎದ್ದು ಹೋಗ್ತೀಯ," ಎಂದಳು ಕಡ್ಡಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬಿಸಿಲು ಬಂದಿದೆ ಎನ್ನುವ ಹಾಗೆ ಹೇಳಿದಳು. ಆಯಮ್ಮ ಎದ್ದು ನೀರು ಇಳಿಸಿದಳು.

ಶಾಲೆಯಲ್ಲಿ ಅಂದು ಸಂಭ್ರಮ. ಹಾಲಿನಲ್ಲಿ ಒಂದು ಕುರ್ಚಿ ಹಾಕಿ, ಪಕ್ಕದಲ್ಲಿ ನರ್ಸಮ್ಮನ ಪೆಟ್ಟಿಗೆ ಇಟ್ಟಿದ್ದರು. ಹುಡುಗಿಯರು ಒಬ್ಬೊಬ್ಬರೇ ಕೂತು ಏಳುತ್ತಿದ್ದರು. ಹೆದರಿದವರ ಕೈ ಆಯಮ್ಮ ಹಿಡಿದುಕೊಂಡಳು. ಒಬ್ಬಳು ಅವಳ ಕಾಲ ಮೇಲೆಯೇ ವಾಂತಿ ಮಾಡಿದಳು, ಒರೆಸಿದಳು. ಕಡ್ಡಿ ಸಾಮಾನು ಕೋಣೆಯಲ್ಲಿ ಬಕೆಟ್ಟಿನ ಮೇಲೆ ಕೂತು ಕಾಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತು. ಆಯಮ್ಮ ಕೈ ತೊಳೆದು, ಮಗಳನ್ನು ಕರೆದುಕೊಂಡು ಬಂದಳು.

ನರ್ಸಮ್ಮ ಪೆಟ್ಟಿಗೆಯೊಳಗೆ ನೋಡಿದರು. ಹೆಡ್ ಟೀಚರ್ ಕಡೆ ನೋಡಿದರು.

"ಇನ್ನು ಒಂದೇ ಇರೋದು."

"ಅದು ಬಟ್ಟೆ ಅಂಗಡಿಯಮ್ಮನ ಮಗಳದು," ಎಂದರು ಹೆಡ್ ಟೀಚರ್. "ಕಾರಲ್ಲಿ ಬರ್ತಿದಾರೆ. ಆಯಮ್ಮ, ನಿನ್ನ ಮಗಳದು ಈ ಲೆಕ್ಕದಲ್ಲಿ ಬಂದಿಲ್ಲ."

"ಯಾಕೆ ಬಂದಿಲ್ಲ ಮೇಡಂ?"

"ಆವತ್ತು ಎಷ್ಟು ಜನಕ್ಕೆ ಹಾಕಿದ್ರೋ ಅಷ್ಟೇ ಬಂದಿರೋದು. ನಿನ್ನ ಮಗಳಿಗೆ ಹಾಕಿದ್ದು ಅದಕ್ಕೂ ಮುಂಚೆ ಅಲ್ವಾ. ಅದು ಸುಮ್ಮನೆ ನೋಡೋಕೆ ಅಂತ ಹಾಕಿದ್ದು. ಲೆಕ್ಕಕ್ಕೆ ಹಿಡಿಯೋದು ಬಿಟ್ಟೋಗಿದೆ."

ಎಲ್ಲರಿಗಿಂತ ಮೊದಲು ಹಾಕಿಸಿಕೊಂಡಳು, ಅದಕ್ಕೇ ಅವಳಿಗಿಲ್ಲ. ಆಯಮ್ಮ ಆ ಮಾತನ್ನು ಎರಡೆರಡು ಸಲ ತಿರುಗಿಸಿ ನೋಡಿದಳು. ಯಾವ ಕಡೆಯಿಂದ ನೋಡಿದರೂ ಅದು ಹಾಗೆಯೇ ಇತ್ತು.

"ಒಂದಾದ್ರೂ ಬಿದ್ದಿದೆಯಲ್ಲ," ಎಂದು ಹೆಡ್ ಟೀಚರ್ ದನಿ ಮೆತ್ತಗೆ ಮಾಡಿದರು. "ಕೆಲವು ಕಡೆ ಒಂದೇ ಸಾಕು ಅಂತಾನೂ ಹೇಳ್ತಾರಂತೆ."

"ಒಂದೇ ಸಾಕಾಗಿದ್ರೆ ಇವರಿಗೆಲ್ಲ ಎರಡು ಯಾಕೆ ಹಾಕ್ಸಿದ್ರಿ?"

ಹೆಡ್ ಟೀಚರ್ ನರ್ಸಮ್ಮನ ಕಡೆ ನೋಡಿದರು. ನರ್ಸಮ್ಮ ಹತ್ತಿಯ ಉಂಡೆಯನ್ನು ಬೆರಳಲ್ಲಿ ಹೊಸಕುತ್ತ, "ಮುಂದಿನ ತಿಂಗಳು ಇನ್ನಷ್ಟು ಬರುತ್ತೆ. ಆಗ ಖಂಡಿತ ಹಾಕ್ತೀನಿ," ಎಂದರು. ಅವರ ಮುಖ ಸಪ್ಪಗಿತ್ತು. ಮುಂದಿನ ತಿಂಗಳು ಎಂಬ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಆಸಿಡ್ಡಿಗೆ ಕೈಗವಸು ಕೊಡುತ್ತೇವೆ ಎಂದದ್ದೂ ಮುಂದಿನ ತಿಂಗಳೇ.

ಕಾರು ನಿಂತ ಸದ್ದಾಯಿತು. ಬಟ್ಟೆ ಅಂಗಡಿಯಮ್ಮ ಮಗಳ ಹೆಗಲ ಮೇಲೆ ಕೈಯಿಟ್ಟು ಒಳಗೆ ಬಂದರು. "ತಡ ಆಯ್ತಾ ಮೇಡಂ? ಇವಳು ಎದ್ದಿದ್ದೇ ಲೇಟು." ಹುಡುಗಿ ಕಡ್ಡಿಯನ್ನು ನೋಡಿ ತನ್ನ ಬೂಟು ನೋಡಿಕೊಂಡಳು. ಕಡ್ಡಿ ಅಮ್ಮನ ಬೆರಳು ಬಿಡಿಸಿಕೊಳ್ಳುತ್ತಿದ್ದಳು. "ಹೋಗೋಣ ನಡಿ," ಎಂದಳು ಮೆಲ್ಲಗೆ. "ನಂಗೊತ್ತಿತ್ತು."

ನಂಗೊತ್ತಿತ್ತು. ಆ ಮಾತು ಆಯಮ್ಮನನ್ನು ಇರಿಯಿತು. ಹನ್ನೆರಡು ವರ್ಷದ ಮಗುವಿಗೆ ಇದು ಮೊದಲೇ ಗೊತ್ತಿರಬೇಕಾದ ವಿಷಯವೇ?

ಕುರ್ಚಿ ಖಾಲಿಯಿತ್ತು. ಆಯಮ್ಮ ಹೋಗಿ ಅದರ ಮೇಲೆ ಕೂತಳು. ಕೂತು, ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಇಷ್ಟುದ್ದದ ಹುಡುಗಿ, ಕಾಲು ನೆಲಕ್ಕೆ ತಾಗುತ್ತಿತ್ತು. ಕಡ್ಡಿಗೆ ನಾಚಿಕೆಯಾಯಿತು, ಆದರೆ ಏಳಲಿಲ್ಲ.

"ಏನಿದು ಆಯಮ್ಮ, ಏಳು," ಎಂದರು ಹೆಡ್ ಟೀಚರ್.

"ಏಳಲ್ಲ."

"ಏಳು ಅಂದೆ."

"ನಿನ್ನ ಮಗಳೇ ಮೊದಲು ಅಂದವರು ನೀವೇ ಮೇಡಂ. ಇದೇ ಹಾಲಲ್ಲಿ. ಗೌರವ ಅಂದ್ರಿ. ಆಯ್ತು, ನನ್ನ ಮಗಳೇ ಮೊದಲು. ಇದು ಅವಳದು."

"ಏನು ಮಾತು ಇದು," ಎಂದರು ಬಟ್ಟೆ ಅಂಗಡಿಯಮ್ಮ. "ನಮ್ಮ ಮಗು ಏನು ಮಾಡಬೇಕು?"

"ಮುಂದಿನ ತಿಂಗಳು ಬರುತ್ತಂತೆ. ಖಂಡಿತ ಹಾಕ್ತಾರಂತೆ. ನನಗೆ ಹೇಳಿದ್ದನ್ನೇ ಹೇಳ್ತಿದೀನಿ. ನನ್ನ ಮಗಳು ಕಾಯಬಹುದು ಅಂದ್ರೆ ನಿಮ್ಮ ಮಗಳೂ ಕಾಯಬಹುದು. ನನ್ನ ಮಗಳು ಈ ಅಂಗಳದಲ್ಲಿ ನಿಮ್ಮೆಲ್ಲರಿಗೋಸ್ಕರ ಒಂದು ವಾರ ಕೂತ್ಲು. ಅವಳ ಲಂಗದ ರಕ್ತ ನೋಡಿ ನೀವು ಧೈರ್ಯ ತಂದ್ಕೊಂಡ್ರಿ. ಅದು ಯಾರ ಲೆಕ್ಕಕ್ಕೂ ಬರಲ್ಲ ಅಂದ್ರೆ ನಾನು ಈ ಕುರ್ಚಿ ಬಿಡಲ್ಲ. ಎತ್ತಿ ಆಚೆ ಹಾಕ್ಬೇಕು ಅಂದ್ರೆ ಹಾಕಿ. ಈ ಶಾಲೆಯಲ್ಲಿ ಎತ್ತಿ ಹಾಕೋ ಕೆಲಸದವಳು ನಾನೊಬ್ಬಳೇ."

ಹೇಳುತ್ತಲೇ ಅವಳು ಮಗಳ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಯಾರೂ ಮುಂದೆ ಬರಲಿಲ್ಲ. ಹೆಡ್ ಟೀಚರ್ ನರ್ಸಮ್ಮನಿಗೆ ಕಣ್ಣಲ್ಲೇ ಬೇಡ ಎಂದರು. ನರ್ಸಮ್ಮ ಆ ಕಣ್ಣನ್ನು ನೋಡಿದರು. ಆಮೇಲೆ ತಿರುಗಿ, ಪೆಟ್ಟಿಗೆಯಿಂದ ಕೊನೆಯ ಸೀಸೆ ತೆಗೆದು, ಸಿರಿಂಜಿಗೆ ಎಳೆದರು.

"ತೋಳು ಕೊಡು ಮಗಾ," ಎಂದರು.

ಕಡ್ಡಿ ತೋಳು ಕೊಟ್ಟಳು. ಈ ಸಲ ಮುಖ ಹಿಂಡಲಿಲ್ಲ.

ಬಟ್ಟೆ ಅಂಗಡಿಯಮ್ಮ ಮಗಳನ್ನು ಎಳೆದುಕೊಂಡು ಹೋದರು. ಕಾರಿನ ಬಾಗಿಲು ಧಡಾರೆಂದಿತು. ಹೆಡ್ ಟೀಚರ್ ಬಾಗಿಲ ಕಡೆ ಕೈ ತೋರಿಸಿದರು. "ಇಬ್ಬರೂ ಈಗಲೇ ಮನೆಗೆ ಹೋಗಿ. ನೀನು ನಾಳೆಯಿಂದ ಬರೋದೇ ಬೇಡ."

"ನಾಳೇದು ನಾಳೆ. ಇವತ್ತು ಅರ್ಧ ಗಂಟೆ ಕೂರಬೇಕು. ಯಾರಿಗೆ ಹಾಕಿದ್ರೂ ಅದು ಕ್ರಮ ಅಂತೆ," ಎಂದಳು ಆಯಮ್ಮ.

ಹಾಲಿನ ಫ್ಯಾನಿನ ಕೆಳಗೆ ಬೇರೆ ಹುಡುಗಿಯರು ಕೂತಿದ್ದರು. ಅಲ್ಲಿ ಕೂರೋಣವೇ ಎಂದು ಆಯಮ್ಮ ಕೇಳಿದಳು. ಕಡ್ಡಿ ಬೇಡ ಎಂದು ತಲೆಯಾಡಿಸಿ ತಾನೇ ಮುಂದಾಗಿ ಅಂಗಳಕ್ಕೆ ನಡೆದಳು. ಆ ಬೆಂಚು ಅಲ್ಲೇ ಇತ್ತು, ಯಾರೂ ಒಳಗೆ ತೆಗೆದಿಟ್ಟಿರಲಿಲ್ಲ. ಇಬ್ಬರೂ ಕೂತರು. ಬಿಸಿಲು ನೆತ್ತಿಯ ಮೇಲಿತ್ತು. ಒಂದೊಂದೇ ಕಿಟಕಿಯಲ್ಲಿ ಮುಖಗಳು ಮೂಡಿದವು. ಆಯಮ್ಮನಿಗೆ ಕೈ ಎಲ್ಲಿಡಬೇಕು ಎಂದು ಗೊತ್ತಾಗಲಿಲ್ಲ. ಕೆಲಸವಿಲ್ಲದೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳಿಗೆ ಅಭ್ಯಾಸವೇ ಇರಲಿಲ್ಲ. ನಾಳೆ ಒಲೆಗೆ ಏನು ಎಂದು ಯೋಚನೆ ಬಂತು. ಬೇರೆ ಶಾಲೆಯ ಕಕ್ಕಸಾದರೂ ಸಿಗುತ್ತದೆ ಎಂದುಕೊಂಡಳು. ಸಿಗುತ್ತದೆ ಎಂದು ನಂಬಿಕೆ ಇರಲಿಲ್ಲ. ಓಣಿಯಲ್ಲಿ ಇದನ್ನು ಕೇಳಿ ಯಾರೂ ಬೆನ್ನು ತಟ್ಟುವವರಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಮೇಲಿನ ಕ್ಲಾಸಿನಲ್ಲಿ ಯಾವುದೋ ಮಗು ವಾಂತಿ ಮಾಡಿತು. ಬೆಂಚು ಎಳೆದ ಸದ್ದು, ಹುಡುಗಿಯರ ಗಲಾಟೆ, ಆಮೇಲೆ ಟೀಚರ್ ಒಬ್ಬರ ದನಿ.

"ಆಯಮ್ಮಾ..."

ಅವಳ ಕಾಲು ಎದ್ದುಬಿಟ್ಟಿತ್ತು. ಹಿಮ್ಮಡಿ ನೆಲ ಒತ್ತಿ, ಮೊಣಕಾಲು ಅರ್ಧ ನೆಟ್ಟಗಾಗಿತ್ತು. ಕಡ್ಡಿ ಅವಳ ಕಡೆ ನೋಡಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ, ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆಯಮ್ಮ ಮತ್ತೆ ಕೂತಳು.

"ಆಯಮ್ಮಾ... ಎಲ್ಲಿ ಸತ್ತಳು ಇವಳು?"

"ಅಮ್ಮ, ಕೂಗ್ತಿದಾರೆ," ಎಂದಳು ಕಡ್ಡಿ.

"ಕೇಳಿಸ್ತು."

ಕೂಗು ಇನ್ನೊಂದು ಸಲ ಬಂತು, ಮತ್ತೊಂದು ಸಲ ಬಂತು. ಅಂಗಳದ ಈ ಕೊನೆಯಿಂದ ಆ ಕೊನೆಗೆ ಹೋಗಿ ಗೋಡೆಗೆ ಬಡಿದು ನಿಂತಿತು. ಕಡ್ಡಿ ಬೆಂಚಿನ ಅಂಚು ಬಿಟ್ಟು, ಇಂಜೆಕ್ಷನ್ ಬಿದ್ದ ತೋಳನ್ನು ಅಮ್ಮನ ತೋಳಿಗೆ ತಾಗಿಸಿ ಕೂತಳು.

"ನೋಯ್ತಿದೆಯಾ?" ಎಂದು ಕೇಳಿದಳು ಆಯಮ್ಮ.

"ಸ್ವಲ್ಪ."

ಅರ್ಧ ಗಂಟೆ ಆಗುವುದಕ್ಕೆ ಇನ್ನೂ ಹೊತ್ತಿತ್ತು. ಇಬ್ಬರೂ ಕೂತೇ ಇದ್ದರು.